ಸ್ಟೋರೇಜ್ ಸ್ಲೋ ಅಂದಾಗ ಎಲ್ಲಿಂದ ಶುರು ಮಾಡಬೇಕು: ಅರೇ ಟ್ಯೂನಿಂಗ್ ಮತ್ತು ಹಂಚಿಕೆಗೆ ಒಂದು ಕೈಪಿಡಿ

"ಸ್ಟೋರೇಜ್ ಸ್ಲೋ ಇದೆ, ಒಂಚೂರು ನೋಡಿ."

ಸ್ಟೋರೇಜ್ ನೋಡಿಕೊಳ್ಳುವವರಿಗೆಲ್ಲ ಈ ಒಂದು ಸಾಲಿನ ಟಿಕೆಟ್ ಗೊತ್ತು. ಯಾವ ಸರ್ವರ್, ಎಷ್ಟು ಹೊತ್ತಿಗೆ, ಓದುವಾಗಲೋ ಬರೆಯುವಾಗಲೋ, ಏನೂ ಇರುವುದಿಲ್ಲ. ಟಿಕೆಟ್ ಬಂದ ಹತ್ತು ನಿಮಿಷಕ್ಕೆ ಒಬ್ಬರು ಕ್ಯಾಶ್ ಜಾಸ್ತಿ ಮಾಡೋಣ ಅನ್ನುತ್ತಾರೆ, ಇನ್ನೊಬ್ಬರು ಫ್ಲ್ಯಾಶ್ ಡ್ರೈವ್ ಹಾಕಿಸೋಣ ಅನ್ನುತ್ತಾರೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ.

ಒಂದು ಐಒ (ಓದುವ ಅಥವಾ ಬರೆಯುವ ಒಂದು ಕೋರಿಕೆ) ಅಪ್ಲಿಕೇಶನ್‌ನಿಂದ ಹೊರಟು ಡಿಸ್ಕ್ ಮುಟ್ಟುವ ತನಕ ಎಷ್ಟು ಕಡೆ ನಿಲ್ಲುತ್ತದೆ ನೋಡಿ. ಫೈಲ್ ಸಿಸ್ಟಂ, ಹೋಸ್ಟ್‌ನ (ಅಂದರೆ ಸರ್ವರ್‌ನ) ಕ್ಯೂ, ಅದನ್ನು ಸ್ಟೋರೇಜ್‌ಗೆ ಜೋಡಿಸುವ ಎಚ್‌ಬಿಎ ಕಾರ್ಡ್, ಸ್ವಿಚ್, ಅರೇಯ (ಹಲವು ಡ್ರೈವ್ ಕೂಡಿಸಿದ ಸ್ಟೋರೇಜ್ ಪೆಟ್ಟಿಗೆಯ) ಪೋರ್ಟ್, ಅದನ್ನು ನಡೆಸುವ ಕಂಟ್ರೋಲರ್, ಕ್ಯಾಶ್ ಅನ್ನುವ ವೇಗದ ಮೆಮೊರಿ, ಕೊನೆಗೆ ಡ್ರೈವ್. ಪ್ರತಿ ಕಡೆಯೂ ಒಂದು ಸಾಲು ಇದೆ. ಟ್ಯೂನಿಂಗ್ ಅಂದರೆ ಐಒ ಯಾವ ಸಾಲಿನಲ್ಲಿ ನಿಂತು ಕಾಯುತ್ತಿದೆ ಅಂತ ಹುಡುಕುವುದು, ಅಷ್ಟೇ. ಒಂದು ಸಾಲು ಕರಗಿಸಿದರೆ ಮುಂದಿನ ಸಾಲು ಬೆಳೆಯುತ್ತದೆ. ಎಲ್ಲರಿಗೂ ಸಾಲುವಷ್ಟು ಇಲ್ಲದಾಗ ಯಾರು ಕಾಯಬೇಕು ಅಂತ ತೀರ್ಮಾನಿಸುವುದಕ್ಕೆ ಹಂಚಿಕೆ ಅನ್ನುತ್ತೇವೆ. ಮೊದಲನೆಯದು ಲೆಕ್ಕದ ಕೆಲಸ, ಎರಡನೆಯದು ಅರ್ಧ ಲೆಕ್ಕ, ಅರ್ಧ ಮಾತುಕತೆ.

ಇಲ್ಲಿ ಹೇಳುವುದೆಲ್ಲ ಎರಡು ಕಂಟ್ರೋಲರ್ ಇರುವ, ಮೇಲೆ ಡೇಟಾಬೇಸ್ ಮತ್ತು ವರ್ಚುವಲ್ ಮಷೀನ್‌ಗಳು ಓಡುವ ಸಾಮಾನ್ಯ ಬ್ಲಾಕ್ ಸ್ಟೋರೇಜ್ ಅರೇಯನ್ನು ಮನಸ್ಸಲ್ಲಿ ಇಟ್ಟುಕೊಂಡು. ಕಂಪನಿಯಿಂದ ಕಂಪನಿಗೆ ಮೆನುವಿನ ಹೆಸರು ಬದಲಾಗುತ್ತದೆ, ಒಳಗಿನ ಕೆಲಸ ಬದಲಾಗುವುದಿಲ್ಲ.

ಹೆಜ್ಜೆ 1: ಏನನ್ನೂ ಮುಟ್ಟುವ ಮೊದಲು ಅಳೆಯಿರಿ

ಮೂರು ಅಳತೆ ಬೇಕು. ಸೆಕೆಂಡಿಗೆ ಎಷ್ಟು ಐಒ ನಡೆಯುತ್ತಿವೆ ಅನ್ನುವ ಐಒಪಿಎಸ್, ಸೆಕೆಂಡಿಗೆ ಎಷ್ಟು ಡೇಟಾ ಹರಿಯುತ್ತಿದೆ ಅನ್ನುವ ಥ್ರೂಪುಟ್, ಒಂದೊಂದು ಐಒಗೆ ಎಷ್ಟು ಹೊತ್ತು ಹಿಡಿಯುತ್ತಿದೆ ಅನ್ನುವ ಲೇಟೆನ್ಸಿ. ಬ್ಲಾಕ್ ಸೈಜ್ ಹೇಳದೆ ಬರೀ ಐಒಪಿಎಸ್ ಹೇಳಿದರೆ ಅದಕ್ಕೆ ಅರ್ಥವಿಲ್ಲ. 8 ಕೆಬಿ ಬ್ಲಾಕಿನಲ್ಲಿ 20,000 ಐಒಪಿಎಸ್ ಅಂದರೆ ಸೆಕೆಂಡಿಗೆ 160 ಎಂಬಿ. 4 ಗಿಗಾಬಿಟ್‌ನ ಹಳೇ ಫೈಬರ್ ಚಾನೆಲ್ (ಸ್ಟೋರೇಜ್‌ಗೆಂದೇ ಇರುವ ನೆಟ್‌ವರ್ಕ್) ಪೋರ್ಟ್ ಕೂಡ ಅದನ್ನು ಆರಾಮಾಗಿ ತಡೆದುಕೊಳ್ಳುತ್ತದೆ. ಅದೇ 20,000 ಐಒಪಿಎಸ್ 256 ಕೆಬಿ ಬ್ಲಾಕಿನಲ್ಲಿ ಬಂದರೆ ಸೆಕೆಂಡಿಗೆ 5,000 ಎಂಬಿ ಮೀರುತ್ತದೆ. ಒಂದು 32 ಗಿಗಾಬಿಟ್ ಫೈಬರ್ ಚಾನೆಲ್ ಪೋರ್ಟ್ ಸಾಗಿಸುವುದು ಹೆಚ್ಚುಕಡಿಮೆ 3,200 ಎಂಬಿ. ಸಂಖ್ಯೆ ಒಂದೇ, ಸಂಕಟ ಬೇರೆ.

ಬ್ಲಾಕ್ ಸೈಜ್ ಅಪ್ಲಿಕೇಶನ್ ಮೇಲೆ ನಿಂತಿದೆ. ಎಸ್‌ಕ್ಯೂಎಲ್ ಸರ್ವರ್ ಮತ್ತು ಪೋಸ್ಟ್‌ಗ್ರೆಎಸ್‌ಕ್ಯೂಎಲ್ ಪೇಜ್ 8 ಕೆಬಿ, ಮೈಎಸ್‌ಕ್ಯೂಎಲ್‌ನ ಇನ್ನೋಡಿಬಿ ಪೇಜ್ ಮಾಮೂಲಾಗಿ 16 ಕೆಬಿ. ಬ್ಯಾಕಪ್ ಸಾಫ್ಟ್‌ವೇರ್ ಇದಕ್ಕಿಂತ ಎಷ್ಟೋ ದೊಡ್ಡ ತುಂಡುಗಳಲ್ಲಿ ಓದುತ್ತದೆ. ಹಾಗಾಗಿ ಓದುವುದು ಎಷ್ಟು, ಬರೆಯುವುದು ಎಷ್ಟು, ತುಂಡು ಎಷ್ಟು ದೊಡ್ಡದು, ಸಾಲಾಗಿ ಬರುತ್ತಿದೆಯೋ ಚೆಲ್ಲಾಪಿಲ್ಲಿಯಾಗಿ ಬರುತ್ತಿದೆಯೋ, ಇವಿಷ್ಟನ್ನೂ ಲನ್‌ಗೆ (ಅರೇ ಹೋಸ್ಟ್‌ಗೆ ಒಂದು ಡಿಸ್ಕ್ ಅಂತ ತೋರಿಸುವ ಭಾಗಕ್ಕೆ) ಒಂದರಂತೆ ಬರೆದಿಟ್ಟುಕೊಳ್ಳಿ. ಒಂದು ವಾರದ ಲೆಕ್ಕ ಬೇಕು, ಅದರಲ್ಲಿ ತಿಂಗಳ ಕೊನೆಯ ದಿನ ಸೇರಿದ್ದರೆ ಇನ್ನೂ ಒಳ್ಳೆಯದು.

ಸರಾಸರಿ ನಂಬಬೇಡಿ. ಬಹಳ ಅರೇಗಳ ಗ್ರಾಫ್ 5 ನಿಮಿಷಕ್ಕೆ ಒಂದು ಚುಕ್ಕಿ ಇಡುತ್ತದೆ. ಆ 5 ನಿಮಿಷದಲ್ಲಿ 15 ಸೆಕೆಂಡ್ ಮಾತ್ರ ಲೇಟೆನ್ಸಿ 40 ಮಿಲಿಸೆಕೆಂಡ್‌ಗೆ ಏರಿ, ಉಳಿದ ಹೊತ್ತು 1 ಮಿಲಿಸೆಕೆಂಡ್ ಇತ್ತು ಅಂದುಕೊಳ್ಳಿ. ಗ್ರಾಫಿನಲ್ಲಿ ಕಾಣುವುದು ಸುಮಾರು 3 ಮಿಲಿಸೆಕೆಂಡ್. ನೀವು "ನಮ್ಮ ಕಡೆ ಏನೂ ತೊಂದರೆ ಇಲ್ಲ" ಅಂತ ಬರೆದು ಟಿಕೆಟ್ ಮುಚ್ಚುತ್ತೀರಿ. ಅತ್ತ ಆ 15 ಸೆಕೆಂಡಿನಲ್ಲಿ ಡೇಟಾಬೇಸ್ ಸೆಷನ್‌ಗಳು ಒಂದರ ಹಿಂದೆ ಒಂದು ಸಿಕ್ಕಿಹಾಕಿಕೊಂಡಿರುತ್ತವೆ. 95 ಮತ್ತು 99ನೇ ಪರ್ಸೆಂಟೈಲ್, ಅಂದರೆ ನೂರರಲ್ಲಿ 95 ಅಥವಾ 99 ಐಒ ಎಷ್ಟು ಹೊತ್ತಿನೊಳಗೆ ಮುಗಿದವು ಅನ್ನುವ ಅಂಕಿ, ಸಿಗುತ್ತದಾ ನೋಡಿ. ಸಿಗದಿದ್ದರೆ ತೊಂದರೆ ಇರುವ ಹೊತ್ತಿನಲ್ಲಾದರೂ 5 ಅಥವಾ 10 ಸೆಕೆಂಡಿಗೊಮ್ಮೆ ಅಳೆಯಿರಿ.

ಇನ್ನೊಂದು ಚಿಕ್ಕ ವಿಷಯ, ಆದರೆ ನನ್ನ ಎಷ್ಟೋ ಗಂಟೆ ತಿಂದಿರುವ ವಿಷಯ. ಹೋಸ್ಟ್, ಸ್ವಿಚ್, ಅರೇ ಮೂರರ ಗಡಿಯಾರವೂ ಒಂದೇ ಎನ್‌ಟಿಪಿ (ಸಮಯ ಹೊಂದಿಸುವ) ಸರ್ವರ್‌ಗೆ ಹೊಂದಿಕೊಂಡಿರಲಿ. ಅರೇ 4 ನಿಮಿಷ ಹಿಂದಿದ್ದರೆ ಎರಡು ಗ್ರಾಫ್ ಪಕ್ಕಪಕ್ಕ ಇಟ್ಟು ನೋಡುವುದಕ್ಕೇ ಆಗುವುದಿಲ್ಲ.

ಹೆಜ್ಜೆ 2: ಐಒ ಎಲ್ಲಿ ಕಾಯುತ್ತಿದೆ?

ಹೋಸ್ಟ್ ಹೇಳುವ ಲೇಟೆನ್ಸಿ ಮತ್ತು ಅರೇ ಹೇಳುವ ಲೇಟೆನ್ಸಿ ಎರಡನ್ನೂ ಒಂದೇ ಹೊತ್ತಿನಲ್ಲಿ ನೋಡಿ. ಲಿನಕ್ಸ್‌ನಲ್ಲಿ ಐಒಸ್ಟ್ಯಾಟ್ ಕಮಾಂಡ್‌ನ ವಿಸ್ತೃತ ನೋಟ ಸಾಕು. ಅದರಲ್ಲಿ ಓದಿನ ಅವೇಟ್ (ಒಂದು ಐಒಗೆ ಹಿಡಿದ ಸರಾಸರಿ ಹೊತ್ತು), ಬರಹದ ಅವೇಟ್, ಸರಾಸರಿ ಕ್ಯೂ ಉದ್ದ, ಮೂರನ್ನು ನೋಡಿ. ಪಕ್ಕದಲ್ಲಿರುವ ಯುಟಿಲ್ ಶೇಕಡಾವನ್ನು ನೋಡಿ ಗಾಬರಿ ಆಗಬೇಡಿ. ಒಂದಾದರೂ ಐಒ ನಡೆಯುತ್ತಿದ್ದ ಸಮಯ ಎಷ್ಟು ಅಂತ ಅದು ಹೇಳುತ್ತದೆಯೇ ಹೊರತು ಸಾಮರ್ಥ್ಯ ಎಷ್ಟು ಖರ್ಚಾಗಿದೆ ಅಂತಲ್ಲ. ಒಂದೇ ಹೊತ್ತಿಗೆ ನೂರಾರು ಐಒ ನಿಭಾಯಿಸುವ ಅರೇ ಹಿಂದೆ ಇದ್ದಾಗ 100 ಶೇಕಡಾ ಅನ್ನುವುದಕ್ಕೆ ಹೆಚ್ಚು ಬೆಲೆ ಇಲ್ಲ. ವಿಎಂವೇರ್ ಇದ್ದರೆ ಅದರ ಇಎಸ್‌ಎಕ್ಸ್‌ಟಾಪ್ ಟೂಲ್‌ನಲ್ಲಿ ಡಿಎವಿಜಿ ಅಂದರೆ ಕಾರ್ಡಿನಿಂದ ಆಚೆ ಹಿಡಿದ ಹೊತ್ತು, ಕೆಎವಿಜಿ ಅಂದರೆ ಹೈಪರ್‌ವೈಸರ್ (ವರ್ಚುವಲ್ ಮಷೀನ್‌ಗಳನ್ನು ಓಡಿಸುವ ಸಾಫ್ಟ್‌ವೇರ್) ಒಳಗೇ ಕಾದ ಹೊತ್ತು. ಎರಡೂ ಸೇರಿ ಜಿಎವಿಜಿ. ಕೆಎವಿಜಿ ಸೊನ್ನೆಯ ಹತ್ತಿರ ಇರಬೇಕು. 2 ಮಿಲಿಸೆಕೆಂಡ್ ದಾಟಿ ನಿಂತಿದ್ದರೆ ಅರೇಯನ್ನು ಬಿಟ್ಟು ಹೋಸ್ಟ್ ಕಡೆ ತಿರುಗಿ.

ಎರಡೂ ಕಡೆ ಲೇಟೆನ್ಸಿ ಜಾಸ್ತಿ ಇದ್ದರೆ ತೊಂದರೆ ಅರೇ ಒಳಗೆ. ಹೋಸ್ಟ್‌ನಲ್ಲಿ ಮಾತ್ರ ಜಾಸ್ತಿ ಇದ್ದರೆ ಹೋಸ್ಟ್‌ನ ಕ್ಯೂನಲ್ಲೋ ನಡುವಿನ ದಾರಿಯಲ್ಲೋ. ಎರಡೂ ಕಡೆ ಕಡಿಮೆ ಇದ್ದೂ ಅಪ್ಲಿಕೇಶನ್ ತೆವಳುತ್ತಿದ್ದರೆ ಅದು ಸ್ಟೋರೇಜ್ ತೊಂದರೆಯೇ ಅಲ್ಲ. ಇದನ್ನು ಡೇಟಾಬೇಸ್ ಟೀಮಿಗೆ ಹೇಳುವಾಗ ಗ್ರಾಫ್ ಕೈಯಲ್ಲಿರಲಿ.

ನಾನು ಕಂಡ ಒಂದು ಪ್ರಕರಣ ಹೇಳುತ್ತೇನೆ. ಒಂದು ಡೇಟಾಬೇಸ್ ಸರ್ವರ್. ಐಒಸ್ಟ್ಯಾಟ್ 20 ಮಿಲಿಸೆಕೆಂಡ್ ತೋರಿಸುತ್ತಿತ್ತು. ಅರೇ ಅದೇ ಲನ್‌ಗೆ 0.8 ಮಿಲಿಸೆಕೆಂಡ್ ತೋರಿಸುತ್ತಿತ್ತು. ಎರಡು ಟೀಮು, ಎರಡು ಗ್ರಾಫು, ಮೂರು ದಿನ ಜಗಳ. ನಿಜ ಏನೆಂದರೆ ಇಬ್ಬರೂ ಸರಿಯೇ.

ಇದನ್ನು ಬಿಡಿಸುವುದಕ್ಕೆ ಒಂದೇ ಒಂದು ಸೂತ್ರ ಸಾಕು. ಜಾನ್ ಲಿಟಲ್ 1961ರಲ್ಲಿ ಸಾಬೀತು ಮಾಡಿ ತೋರಿಸಿದ್ದರಿಂದ ಅದಕ್ಕೆ ಲಿಟಲ್ ನಿಯಮ ಅಂತ ಹೆಸರು. ಒಳಗಿರುವ ಕೆಲಸಗಳ ಸಂಖ್ಯೆ ಅಂದರೆ, ಸೆಕೆಂಡಿಗೆ ಮುಗಿಯುವ ಕೆಲಸ ಗುಣಿಸು ಒಂದೊಂದಕ್ಕೆ ಹಿಡಿಯುವ ಹೊತ್ತು. ತಿರುಗಿಸಿ ನೋಡಿದರೆ, ಕ್ಯೂ ಡೆಪ್ತ್ (ಒಮ್ಮೆಗೆ ಹೊರಗೆ ಹೋಗಬಹುದಾದ ಐಒಗಳ ಸಂಖ್ಯೆ) ಭಾಗಿಸು ಲೇಟೆನ್ಸಿ ಅಂದರೆ ಸಿಗಬಹುದಾದ ಐಒಪಿಎಸ್. ಆ ಸರ್ವರ್‌ನಲ್ಲಿ ಲನ್ ಕ್ಯೂ ಡೆಪ್ತ್ 4 ಇತ್ತು. ಯಾವುದೋ ಕಾಲದಲ್ಲಿ ಹಳೇ ಅರೇಗೆ ಹೊಂದಿಕೆಯಾಗಲಿ ಅಂತ ಯಾರೋ ಇಟ್ಟಿದ್ದು, ಅರೇ ಬದಲಾದರೂ ಅದು ಹಾಗೇ ಉಳಿದಿತ್ತು. 4 ಐಒ ಮಾತ್ರ ಒಮ್ಮೆಗೆ ಹೊರಗೆ ಹೋಗಬಹುದು, ಒಂದೊಂದಕ್ಕೆ 0.8 ಮಿಲಿಸೆಕೆಂಡ್. ಅಂದರೆ ಸೆಕೆಂಡಿಗೆ 5,000, ಅದಕ್ಕಿಂತ ಒಂದೂ ಜಾಸ್ತಿ ಇಲ್ಲ. ಆದರೆ ಹೋಸ್ಟ್‌ನ ಕ್ಯೂನಲ್ಲಿ ಸುಮಾರು 100 ಐಒ ನಿಂತಿದ್ದವು. 100 ಭಾಗಿಸು 5,000 ಅಂದರೆ 20 ಮಿಲಿಸೆಕೆಂಡ್. ಐಒಸ್ಟ್ಯಾಟ್ ತೋರಿಸುತ್ತಿದ್ದದ್ದು ಅದೇ ಸಂಖ್ಯೆ! ಅರೇ ಪಾಪ ಕೈಕಟ್ಟಿ ಕೂತಿತ್ತು. ಅಷ್ಟರಲ್ಲಿ ಹೊಸ ಫ್ಲ್ಯಾಶ್ ಡ್ರೈವ್‌ಗೆ ಕೊಟೇಶನ್ ಕೂಡ ಕೇಳಿಯಾಗಿತ್ತು.

ಹಾಗಂತ ಕ್ಯೂ ಡೆಪ್ತ್ ಸುಮ್ನೆ 256ಕ್ಕೆ ಏರಿಸಿಬಿಡುವುದೂ ತಪ್ಪು. ಅರೇಯ ಒಂದೊಂದು ಪೋರ್ಟ್‌ಗೂ ಒಂದು ಕ್ಯೂ ಇರುತ್ತದೆ, ಬಹಳ ಅರೇಗಳಲ್ಲಿ ಅದು 2,048ರ ಆಸುಪಾಸು. ಒಂದು ಪೋರ್ಟ್ ಹಿಂದೆ 40 ಹೋಸ್ಟ್, ತಲಾ 10 ಲನ್, ಲನ್‌ಗೆ 32 ಅಂದರೆ ಲೆಕ್ಕಕ್ಕೆ 12,800 ಆಗುತ್ತದೆ. ಎಲ್ಲವೂ ಒಟ್ಟಿಗೆ ತುಂಬುವುದಿಲ್ಲ ಅನ್ನುವ ನಂಬಿಕೆಯ ಮೇಲೆ ಎಲ್ಲರೂ ಬದುಕುತ್ತೇವೆ. ತುಂಬಿದ ದಿನ ಅರೇ 'ಕ್ಯೂ ಫುಲ್' ಅಂತ ಉತ್ತರ ಕಳಿಸುತ್ತದೆ, ಹೋಸ್ಟ್ ಹಿಂದೆ ಸರಿಯುತ್ತದೆ, ಲೇಟೆನ್ಸಿ ಅಡ್ಡಾದಿಡ್ಡಿ ಆಗುತ್ತದೆ. ಆದ್ದರಿಂದ 32ರಿಂದ ಶುರು ಮಾಡಿ, ಬೇಕಾದ ಡೇಟಾಬೇಸ್‌ಗೆ ಮಾತ್ರ 64ಕ್ಕೆ ಏರಿಸಿ, ಅರೇಯ ಪೋರ್ಟ್‌ನಲ್ಲಿ ಕ್ಯೂ ಫುಲ್ ಎಣಿಕೆ ಏರುತ್ತದಾ ನೋಡಿ. ಒಂದು ದೊಡ್ಡ ಲನ್ ಬದಲು ನಾಲ್ಕು ಚಿಕ್ಕ ಲನ್ ಕೊಟ್ಟು ಡೇಟಾಬೇಸ್ ಕಡೆಯಿಂದ ಸ್ಟ್ರೈಪ್ ಮಾಡಿಸಿದರೂ (ಡೇಟಾವನ್ನು ನಾಲ್ಕಕ್ಕೂ ಹರಡಿಸಿದರೂ) ನಾಲ್ಕು ಕ್ಯೂ ಸಿಗುತ್ತದೆ. ನನಗೆ ಇದೇ ಇಷ್ಟ, ಯಾಕಂದರೆ ಇದರಲ್ಲಿ ಜಾಗತಿಕ ಸೆಟ್ಟಿಂಗ್ ಯಾವುದನ್ನೂ ಮುಟ್ಟಬೇಕಾಗಿಲ್ಲ.

ಹೆಜ್ಜೆ 3: ನಡುವಿನ ದಾರಿ

ಇಲ್ಲಿ ನೋಡಬೇಕಾದ್ದು ಕಡಿಮೆ, ಆದರೆ ಮರೆಯುವುದು ಇದನ್ನೇ.

ಪ್ರತಿ ಲನ್‌ಗೂ ಎಷ್ಟು ಪಾತ್ (ಹೋಸ್ಟ್‌ನಿಂದ ಅರೇಗೆ ಹೋಗುವ ದಾರಿ) ಇರಬೇಕಿತ್ತು, ಈಗ ಎಷ್ಟು ಜೀವಂತ ಇವೆ, ಎಣಿಸಿ. ಸ್ವಿಚ್ ಅಪ್‌ಗ್ರೇಡ್ ಆದ ಮೇಲೆ ನಾಲ್ಕರಲ್ಲಿ ಎರಡು ಪಾತ್ ಸತ್ತು, ಯಾರಿಗೂ ಗೊತ್ತಾಗದೆ ತಿಂಗಳುಗಟ್ಟಲೆ ಓಡುವುದು ಹೊಸದೇನಲ್ಲ. ಐಒಗಳನ್ನು ಈ ಪಾತ್‌ಗಳಿಗೆ ಹಂಚುವ ಮಲ್ಟಿಪಾತ್ ಪಾಲಿಸಿ ನೋಡಿ. ವಿಎಂವೇರ್‌ನ ರೌಂಡ್ ರಾಬಿನ್ ಮಾಮೂಲಾಗಿ 1,000 ಐಒಗೆ ಒಮ್ಮೆ ಪಾತ್ ಬದಲಿಸುತ್ತದೆ. ಹಲವು ಅರೇ ಕಂಪನಿಗಳು ಅದನ್ನು 1ಕ್ಕೆ ಇಳಿಸಲು ಹೇಳುತ್ತವೆ, ನಿಮ್ಮ ಅರೇಯ ಹೋಸ್ಟ್ ಗೈಡ್‌ನಲ್ಲಿ ಏನಿದೆಯೋ ಅದನ್ನೇ ಇಡಿ. ಎಲ್ಲ ಪಾತ್ ಸಮ ಅಲ್ಲ ಅನ್ನುವ ಅಲುವಾ ವಿಧಾನ ಬಳಸುವ ಅರೇಯಲ್ಲಿ ಲನ್‌ನ ಒಡೆಯ ಒಂದು ಕಂಟ್ರೋಲರ್. ಐಒ ಇನ್ನೊಂದರ ಮೂಲಕ ಹೋಗುತ್ತಿದ್ದರೆ ಪ್ರತಿಯೊಂದೂ ಒಳಗೆ ಒಂದು ಸುತ್ತು ಜಾಸ್ತಿ ಹಾಕುತ್ತದೆ.

ಐಸ್ಕಸಿ (ಮಾಮೂಲು ಈಥರ್ನೆಟ್ ಮೇಲೆ ಓಡುವ ಸ್ಟೋರೇಜ್) ಇದ್ದರೆ ಜಂಬೋ ಫ್ರೇಮ್ (9,000 ಬೈಟ್‌ನ ದೊಡ್ಡ ಫ್ರೇಮ್) ಹೋಸ್ಟ್‌ನಿಂದ ಅರೇ ತನಕ ಎಲ್ಲ ಕಡೆ ಇರಬೇಕು, ಇಲ್ಲವೇ ಎಲ್ಲೂ ಇರಬಾರದು. ಫ್ರೇಮ್ ಒಡೆಯಬಾರದು ಅನ್ನುವ ಆಯ್ಕೆ ಹಾಕಿ 8,972 ಬೈಟ್‌ನ ಪಿಂಗ್ ಕಳಿಸಿ ನೋಡಿ. 9,000ದಲ್ಲಿ ಐಪಿ ಹೆಡರ್‌ಗೆ 20, ಐಸಿಎಂಪಿಗೆ 8 ಕಳೆದರೆ ಉಳಿಯುವುದು ಅಷ್ಟೇ. ಪಿಂಗ್ ಹೋಗದಿದ್ದರೆ ನಡುವೆ ಯಾವುದೋ ಸ್ವಿಚ್ 1,500ರಲ್ಲೇ ಕೂತಿದೆ.

ಫೈಬರ್ ಚಾನೆಲ್‌ನ ಸ್ವಭಾವ ಬೇರೆ. ಅದು ದಟ್ಟಣೆ ಆಯಿತು ಅಂತ ಫ್ರೇಮ್ ಬೀಳಿಸುವುದಿಲ್ಲ, ಎದುರಿನವರು ಕ್ರೆಡಿಟ್ (ಇನ್ನೊಂದು ಫ್ರೇಮ್ ಕಳಿಸಬಹುದು ಅನ್ನುವ ಒಪ್ಪಿಗೆ) ಕೊಡುವ ತನಕ ಕಾಯುತ್ತದೆ. ಅರೇ 32 ಗಿಗಾಬಿಟ್‌ನಲ್ಲಿದ್ದು, ಒಂದು ಹಳೇ ಹೋಸ್ಟ್ 8 ಗಿಗಾಬಿಟ್ ಕಾರ್ಡಿನಲ್ಲಿ ದೊಡ್ಡ ದೊಡ್ಡ ಓದು ಕೇಳಿದರೆ, ಅದು ನುಂಗುವುದಕ್ಕಿಂತ ವೇಗವಾಗಿ ಅರೇ ಸುರಿಯುತ್ತದೆ. ಫ್ರೇಮ್‌ಗಳು ಸ್ವಿಚ್ಚಿನಲ್ಲಿ ಹಿಂದಕ್ಕೆ ಕಟ್ಟಿಕೊಂಡು, ಏನೂ ತಪ್ಪು ಮಾಡದ ಬೇರೆ ಹೋಸ್ಟ್‌ಗಳೂ ಸಿಕ್ಕಿಹಾಕಿಕೊಳ್ಳುತ್ತವೆ. ಇದಕ್ಕೆ ಸ್ಲೋ ಡ್ರೇನ್ ಅನ್ನುತ್ತಾರೆ. ಸ್ವಿಚ್ಚಿನ ಯಾವ ಪೋರ್ಟ್‌ನಲ್ಲಿ ಕ್ರೆಡಿಟ್ ಸೊನ್ನೆಗಿಳಿದ ಎಣಿಕೆ ಎದ್ದು ಕಾಣುತ್ತದೆ, ಯಾವ ಪೋರ್ಟ್ ಸದಾ ತುಂಬಿ ಹರಿಯುತ್ತಿದೆ, ಎರಡನ್ನೂ ನೋಡಿದರೆ ಕಳ್ಳ ಸಿಗುತ್ತಾನೆ.

ಸಿಂಕ್ರೊನಸ್ ರೆಪ್ಲಿಕೇಶನ್ (ಪ್ರತಿ ಬರಹವೂ ದೂರದ ಇನ್ನೊಂದು ಅರೇ ಸೇರಿದ ಮೇಲೆಯೇ ಮುಗಿಯುವ ವ್ಯವಸ್ಥೆ) ಇದ್ದರೆ ದೂರವನ್ನೂ ಲೆಕ್ಕಕ್ಕೆ ಹಿಡಿಯಿರಿ. ಫೈಬರ್ ಒಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಹೋಗುತ್ತದೆ. ಆಚೆ ಅರೇ 100 ಕಿಲೋಮೀಟರ್ ದೂರ ಇದ್ದರೆ ಹೋಗಿಬರುವುದಕ್ಕೇ 1 ಮಿಲಿಸೆಕೆಂಡ್, ಪ್ರತಿ ಬರಹಕ್ಕೂ. ಇದನ್ನು ಯಾವ ಟ್ಯೂನಿಂಗೂ ಕಡಿಮೆ ಮಾಡುವುದಿಲ್ಲ.

ಹೆಜ್ಜೆ 4: ಕಂಟ್ರೋಲರ್ ಮತ್ತು ಕ್ಯಾಶ್

ಯಾವುದೇ ಭಾಗ ಪೂರ್ತಿ ತುಂಬುವ ಮೊದಲೇ ಕಾಯುವಿಕೆ ಶುರುವಾಗುತ್ತದೆ. ಸರಳವಾದ ಒಂದೇ ಸಾಲಿನ ಲೆಕ್ಕದಲ್ಲಿ, ಒಂದು ಕಂಪೊನೆಂಟ್ ಅರ್ಧ ಬಿಜಿ ಇದ್ದರೆ ಹಿಡಿಯುವ ಹೊತ್ತು ಎರಡು ಪಟ್ಟು, 80 ಶೇಕಡಾ ಬಿಜಿ ಇದ್ದರೆ ಐದು ಪಟ್ಟು, 90 ಇದ್ದರೆ ಹತ್ತು ಪಟ್ಟು. "ಇನ್ನೂ ಹತ್ತು ಶೇಕಡಾ ಖಾಲಿ ಇದೆಯಲ್ಲ" ಅನ್ನುವ ಮಾತು ಜಾಗದ ವಿಷಯದಲ್ಲಿ ನಡೆಯುತ್ತದೆ, ವೇಗದ ವಿಷಯದಲ್ಲಿ ನಡೆಯುವುದಿಲ್ಲ.

ಎರಡು ಕಂಟ್ರೋಲರ್ ಇದ್ದಾಗ ಇನ್ನೂ ಒಂದು ಮಾತಿದೆ. ಎರಡೂ ತಲಾ 60 ಶೇಕಡಾ ದುಡಿಯುತ್ತಿವೆ ಅಂದರೆ ನೋಡುವುದಕ್ಕೆ ಚೆನ್ನಾಗಿಯೇ ಇದೆ. ಫರ್ಮ್‌ವೇರ್ ಅಪ್‌ಗ್ರೇಡ್‌ಗೆ ಅಂತ ಒಂದನ್ನು ರೀಬೂಟ್ ಮಾಡಿದ ಆ ಹತ್ತು ನಿಮಿಷ ಉಳಿದದ್ದರ ತಲೆ ಮೇಲೆ 120 ಬೀಳುತ್ತದೆ. ಆದ್ದರಿಂದ ಬಿಡುವಿಲ್ಲದ ಹೊತ್ತಿನಲ್ಲೂ ತಲಾ 40ರ ಒಳಗೆ ಇಟ್ಟುಕೊಳ್ಳಿ. ಒಂದು 70, ಇನ್ನೊಂದು 15 ಅಂತ ವಾಲಿದ್ದರೆ ಬಿಜಿ ಲನ್‌ಗಳ ಒಡೆತನ ಬದಲಿಸಿ ಸಮ ಮಾಡಿ. ಲನ್‌ಗಳ ಎಣಿಕೆ ಸಮ ಮಾಡಿದರೆ ಸಾಲದು, ಅವುಗಳ ಹೊರೆ ಸಮ ಆಗಬೇಕು.

ಬರೆಯುವ ಕ್ಯಾಶ್ ಬಗ್ಗೆ ಬಹಳ ಜನ ತಪ್ಪು ತಿಳಿದಿರುತ್ತಾರೆ. ಹೋಸ್ಟ್ ಬರೆದದ್ದು ಕ್ಯಾಶ್ ಸೇರಿ, ಇನ್ನೊಂದು ಕಂಟ್ರೋಲರ್‌ನಲ್ಲೂ ಒಂದು ಪ್ರತಿ ಕೂತ ಕೂಡಲೇ ಅರೇ "ಆಯಿತು" ಅನ್ನುತ್ತದೆ. ಡ್ರೈವ್‌ಗೆ ಆಮೇಲೆ ನಿಧಾನಕ್ಕೆ ಇಳಿಸುತ್ತದೆ. ಹಾಗಾಗಿ ಕ್ಯಾಶ್ ಒಂದು ತೊಟ್ಟಿ ಇದ್ದ ಹಾಗೆ. ಒಳಗೆ ಸೆಕೆಂಡಿಗೆ 1.2 ಜಿಬಿ ಬಂದು, ಕೆಳಗೆ 0.7 ಜಿಬಿ ಮಾತ್ರ ಇಳಿಯುತ್ತಿದ್ದರೆ 0.5 ಜಿಬಿ ಉಳಿಯುತ್ತಾ ಹೋಗುತ್ತದೆ. 20 ಜಿಬಿ ಜಾಗ 40 ಸೆಕೆಂಡಿಗೆ ತುಂಬುತ್ತದೆ. ಆ 40 ಸೆಕೆಂಡ್ ಎಲ್ಲವೂ ಮಿಂಚಿನ ಹಾಗೆ, 41ನೇ ಸೆಕೆಂಡಿಗೆ ಹೋಸ್ಟ್ ಡ್ರೈವ್‌ಗಳ ವೇಗಕ್ಕೆ ಬೀಳುತ್ತದೆ. ಕ್ಯಾಶ್ ದುಪ್ಪಟ್ಟು ಮಾಡಿದರೆ ಬೀಳುವುದು 80 ಸೆಕೆಂಡಿಗೆ ಆಗುತ್ತದೆ, ಬೀಳುವುದು ತಪ್ಪುವುದಿಲ್ಲ. ಕ್ಯಾಶ್ ಏರಿಳಿತವನ್ನು ಸಮ ಮಾಡುತ್ತದೆ, ಹೊರೆಯನ್ನು ಕಡಿಮೆ ಮಾಡುವುದಿಲ್ಲ.

ಬರಹದ ಲೇಟೆನ್ಸಿ ಇದ್ದಕ್ಕಿದ್ದಂತೆ ಎಲ್ಲ ಲನ್‌ಗಳಲ್ಲೂ ಏರಿದರೆ ಮೊದಲು ಕ್ಯಾಶ್ ಕಾಯುವ ಬ್ಯಾಟರಿಯ ಅಲರ್ಟ್ ನೋಡಿ. ಬ್ಯಾಟರಿ ಕೈಕೊಟ್ಟರೆ, ಅಥವಾ ಒಂದು ಕಂಟ್ರೋಲರ್ ಬಿದ್ದು ಕ್ಯಾಶ್‌ಗೆ ಜೋಡಿ ಇಲ್ಲದೆ ಹೋದರೆ, ಹಲವು ಅರೇಗಳು ರೈಟ್-ಥ್ರೂಗೆ ಹೋಗುತ್ತವೆ, ಅಂದರೆ ಡ್ರೈವ್‌ಗೆ ಬರೆದ ಮೇಲೆಯೇ "ಆಯಿತು" ಅನ್ನುತ್ತವೆ. ಡೇಟಾ ಕಳೆಯಬಾರದು ಅಂತ ಅದು ಬೇಕೆಂದೇ ನಿಧಾನ ಆಗಿರುತ್ತದೆ. ಒತ್ತಾಯ ಮಾಡಿ ರೈಟ್-ಬ್ಯಾಕ್‌ಗೆ (ಕ್ಯಾಶ್ ಸೇರಿದ ಕೂಡಲೇ ಒಪ್ಪುವ ರೀತಿಗೆ) ತರುವ ಬಟನ್ ಎಲ್ಲೋ ಇರುತ್ತದೆ. ಅದನ್ನು ಒತ್ತಬೇಡಿ.

ಹೆಜ್ಜೆ 5: ಡ್ರೈವ್, ರೇಡ್, ಟಿಯರ್

ತಿರುಗುವ ಡಿಸ್ಕ್‌ಗಳ ವೇಗವನ್ನು ಕೈಯಲ್ಲೇ ಲೆಕ್ಕ ಹಾಕಬಹುದು. ನಿಮಿಷಕ್ಕೆ 15,000 ಸುತ್ತು ಅಂದರೆ ಒಂದು ಸುತ್ತಿಗೆ 4 ಮಿಲಿಸೆಕೆಂಡ್, ಸರಾಸರಿ ಅರ್ಧ ಸುತ್ತು ಕಾಯಬೇಕು, ಅಂದರೆ 2. ತಲೆ ಜರುಗುವುದಕ್ಕೆ ಇನ್ನೊಂದು ಮೂರೂವರೆ ಸೇರಿಸಿದರೆ ಐದೂವರೆ ಮಿಲಿಸೆಕೆಂಡ್, ಹಾಗಾಗಿ ಸೆಕೆಂಡಿಗೆ ಸುಮಾರು 180 ಐಒ. 7,200 ಸುತ್ತಿನ ಡಿಸ್ಕ್‌ನಲ್ಲಿ ಅರ್ಧ ಸುತ್ತಿಗೇ 4 ಮಿಲಿಸೆಕೆಂಡ್ ದಾಟುತ್ತದೆ, ತಲೆ ಜರುಗುವುದಕ್ಕೂ ಎಂಟೂವರೆಯ ಹತ್ತಿರ ಬೇಕು, ಹಾಗಾಗಿ ಲೆಕ್ಕ 80ರ ಹತ್ತಿರ ಬರುತ್ತದೆ.

ಇದರ ಮೇಲೆ ರೇಡ್‌ನ (ಡ್ರೈವ್ ಕೆಟ್ಟರೂ ಡೇಟಾ ಉಳಿಯುವಂತೆ ಹಲವು ಡ್ರೈವ್‌ಗಳಿಗೆ ಹರಡುವ ವಿಧಾನದ) ಬರಹದ ದಂಡ. ರೇಡ್ 5ರಲ್ಲಿ ಒಂದು ಚಿಕ್ಕ ಬರಹಕ್ಕೆ ಹಳೇ ಡೇಟಾ ಓದಬೇಕು, ಹಳೇ ಪ್ಯಾರಿಟಿ (ಕಳೆದ ಡೇಟಾವನ್ನು ಮರಳಿ ಕಟ್ಟಲು ಇಡುವ ಲೆಕ್ಕ) ಓದಬೇಕು, ಹೊಸ ಡೇಟಾ ಬರೆಯಬೇಕು, ಹೊಸ ಪ್ಯಾರಿಟಿ ಬರೆಯಬೇಕು, ಒಟ್ಟು 4. ರೇಡ್ 6ರಲ್ಲಿ ಎರಡು ಪ್ಯಾರಿಟಿ ಇರುವುದರಿಂದ 6. ರೇಡ್ 10ರಲ್ಲಿ ಎರಡು ಪ್ರತಿ ಬರೆದರೆ ಮುಗಿಯಿತು. ಹೋಸ್ಟ್‌ಗೆ 10,000 ಐಒಪಿಎಸ್ ಬೇಕು, ಅದರಲ್ಲಿ 7,000 ಓದು, 3,000 ಬರಹ ಅಂದುಕೊಳ್ಳಿ. ಡ್ರೈವ್‌ಗಳ ಮೇಲೆ ಬೀಳುವುದು ರೇಡ್ 10ರಲ್ಲಿ 13,000, ರೇಡ್ 5ರಲ್ಲಿ 19,000, ರೇಡ್ 6ರಲ್ಲಿ 25,000. 180ರಿಂದ ಭಾಗಿಸಿದರೆ ಕ್ರಮವಾಗಿ 73, 106, 139 ಡಿಸ್ಕ್. ಅದೇ ಕೆಲಸಕ್ಕೆ ಹತ್ತಿರಹತ್ತಿರ ಎರಡು ಪಟ್ಟು ಡಿಸ್ಕ್! ಸಾಲಾಗಿ ಬರುವ ದೊಡ್ಡ ಬರಹ ಇಡೀ ಸ್ಟ್ರೈಪನ್ನು (ಎಲ್ಲ ಡ್ರೈವ್‌ಗಳ ಮೇಲೆ ಹರಡಿದ ಒಂದು ಪಟ್ಟಿಯನ್ನು) ಒಮ್ಮೆಗೇ ತುಂಬಿಸಿದರೆ ಈ ದಂಡ ಬಹುಮಟ್ಟಿಗೆ ತಪ್ಪುತ್ತದೆ. ಬ್ಯಾಕಪ್‌ಗೆ ರೇಡ್ 6 ಸರಿಹೋಗುವುದು ಇದೇ ಕಾರಣಕ್ಕೆ. ಹಲವು ಪೂರ್ತಿ ಫ್ಲ್ಯಾಶ್ ಅರೇಗಳು ಬರಹಗಳನ್ನು ಗುಡ್ಡೆ ಹಾಕಿ ಹೀಗೇ ಇಳಿಸುವುದರಿಂದ ಅಲ್ಲಿ ಈ ಲೆಕ್ಕಕ್ಕೆ ಅಷ್ಟು ಮಹತ್ವ ಇಲ್ಲ. ಅಲ್ಲಿ ಪೂಲ್ (ಲನ್‌ಗಳೆಲ್ಲ ಹಂಚಿಕೊಳ್ಳುವ ಜಾಗ) ತೀರಾ ತುಂಬದಂತೆ ನೋಡಿಕೊಳ್ಳಿ. ಖಾಲಿ ಜಾಗ ಕಡಿಮೆಯಾದಷ್ಟೂ ಒಳಗಿನ ಕಸ ಗುಡಿಸುವ ಕೆಲಸ ಹೋಸ್ಟ್‌ನ ಬರಹಕ್ಕೆ ಅಡ್ಡ ಬರುತ್ತದೆ.

ಫ್ಲ್ಯಾಶ್ ಮತ್ತು ಡಿಸ್ಕ್ ಎರಡೂ ಇರುವ, ಆಟೋ ಟಿಯರಿಂಗ್‌ನ ಮಿಶ್ರ ಅರೇಯಲ್ಲಿ ಒಂದು ಬಲೆ ಇದೆ. ಅರೇ ನಿನ್ನೆಮೊನ್ನೆಯ ಓಡಾಟ ನೋಡಿ ಬಿಸಿ ಡೇಟಾವನ್ನು ಮೇಲಕ್ಕೆ, ತಣ್ಣಗಿರುವುದನ್ನು ಕೆಳಕ್ಕೆ ಸಾಗಿಸುತ್ತದೆ. ತಿಂಗಳ ಕೊನೆಗೆ ಮಾತ್ರ ಮುಟ್ಟುವ ಲೆಕ್ಕಪತ್ರದ ಟೇಬಲ್‌ಗಳು ಉಳಿದ ದಿನವೆಲ್ಲ ತಣ್ಣಗಿದ್ದು, ನಿಧಾನದ ಡಿಸ್ಕಿಗೆ ಇಳಿದಿರುತ್ತವೆ. ಬೇಕಾದ ದಿನವೇ ಅವು ಸ್ಲೋ. ಅರೇ ಎಚ್ಚೆತ್ತು ಮೇಲಕ್ಕೆ ತರುವ ಹೊತ್ತಿಗೆ ತಿಂಗಳ ಕೊನೆ ಮುಗಿದಿರುತ್ತದೆ. ಅಂಥ ಲನ್‌ಗಳನ್ನು ಫ್ಲ್ಯಾಶ್ ಟಿಯರ್‌ಗೆ ಪಿನ್ ಮಾಡಿ.

ಸ್ನ್ಯಾಪ್‌ಶಾಟ್ (ಒಂದು ಕ್ಷಣದಲ್ಲಿದ್ದ ಡೇಟಾದ ಪ್ರತಿ) ವಿಧಾನವನ್ನೂ ತಿಳಿದಿರಿ. ಹಳೇ ಬ್ಲಾಕನ್ನು ಮೊದಲು ಬೇರೆಡೆ ನಕಲು ಮಾಡುವ ಕಾಪಿ-ಆನ್-ರೈಟ್ ಆದರೆ ಸ್ನ್ಯಾಪ್‌ಶಾಟ್ ತೆಗೆದ ಮೇಲೆ ಒಂದು ಬ್ಲಾಕಿನ ಮೊದಲ ಬರಹಕ್ಕೆ ಒಂದು ಓದು, ಎರಡು ಬರಹ. ಹೊಸದನ್ನೇ ಬೇರೆ ಜಾಗದಲ್ಲಿ ಬರೆಯುವ ರೀಡೈರೆಕ್ಟ್-ಆನ್-ರೈಟ್‌ನಲ್ಲಿ ಈ ಖರ್ಚಿಲ್ಲ.

ಹೆಜ್ಜೆ 6: ಹಂಚಿಕೆ, ಅಂದರೆ ಯಾರು ಕಾಯಬೇಕು

ಇಷ್ಟೆಲ್ಲ ಸರಿಯಿದ್ದೂ ಒಂದು ಟೆಸ್ಟ್ ಸರ್ವರ್ ಇಡೀ ಅರೇಯನ್ನು ಮಲಗಿಸಬಲ್ಲದು. ಪ್ರೊಡಕ್ಷನ್ ಡೇಟಾಬೇಸ್‌ನ ಒಂದು ಕಾಪಿ ತೆಗೆದುಕೊಂಡು, ಅದರ ಮೇಲೆ ಇಂಡೆಕ್ಸ್ ಇಲ್ಲದ ಕ್ವೆರಿಯನ್ನು ಕೆಲಸದ ಹೊತ್ತಿನಲ್ಲಿ ಓಡಿಸಿದರೆ ಆಯಿತು. ಅರೇಗೆ ಯಾವ ಐಒ ಮುಖ್ಯ, ಯಾವುದು ಅಲ್ಲ ಅಂತ ಗೊತ್ತಿಲ್ಲ. ನೀವು ಹೇಳಬೇಕು. ಅದಕ್ಕೆ ಇರುವುದು ಕ್ಯೂಒಎಸ್, ಅಂದರೆ ಯಾರಿಗೆ ಕನಿಷ್ಠ ಎಷ್ಟು, ಗರಿಷ್ಠ ಎಷ್ಟು ಅನ್ನುವ ನಿಯಮ.

ಮೊದಲು ನಿಜವಾಗಿ ಹಂಚಲು ಎಷ್ಟಿದೆ ಅಂತ ಕಂಡುಕೊಳ್ಳಿ. ಅರೇ ಎರಡೂ ಕಂಟ್ರೋಲರ್ ಇದ್ದಾಗ 1 ಮಿಲಿಸೆಕೆಂಡ್ ಒಳಗೆ 1 ಲಕ್ಷ ಐಒಪಿಎಸ್ ಕೊಡುತ್ತದೆ, ಒಂದೇ ಇದ್ದಾಗ 60,000 ಕೊಡುತ್ತದೆ ಅಂತ ಅಳೆದಿರಿ ಅಂದುಕೊಳ್ಳಿ. ಹಂಚಬೇಕಾದ್ದು 60,000, 1 ಲಕ್ಷ ಅಲ್ಲ. ಮುಖ್ಯ ಡೇಟಾಬೇಸ್‌ಗೆ ಕನಿಷ್ಠ 25,000 ಖಾತರಿ, ಮೇಲ್ಮಿತಿ ಬೇಡ. ವರ್ಚುವಲ್ ಮಷೀನ್‌ಗಳಿಗೆ ಕನಿಷ್ಠ 20,000, ಮೇಲ್ಮಿತಿ 40,000. ಟೆಸ್ಟ್‌ಗೆ ಖಾತರಿ ಏನೂ ಇಲ್ಲ, ಮೇಲ್ಮಿತಿ 5,000. ಕನಿಷ್ಠಗಳ ಮೊತ್ತ 45,000, ಉಳಿದದ್ದು ರೀಬಿಲ್ಡ್‌ಗೆ (ಕೆಟ್ಟ ಡ್ರೈವ್‌ನ ಡೇಟಾ ಮತ್ತೆ ಕಟ್ಟುವುದಕ್ಕೆ), ಬ್ಯಾಕಪ್‌ಗೆ, ಅಂದುಕೊಳ್ಳದೆ ಬರುವುದಕ್ಕೆ. ಕನಿಷ್ಠಗಳ ಮೊತ್ತ ಒಂದು ಕಂಟ್ರೋಲರ್‌ನ ಸಾಮರ್ಥ್ಯ ದಾಟಬಾರದು. ಗರಿಷ್ಠಗಳ ಮೊತ್ತ ಎಷ್ಟಾದರೂ ದಾಟಲಿ, ಎಲ್ಲರೂ ಒಟ್ಟಿಗೆ ಗರಿಷ್ಠ ಮುಟ್ಟುವುದು ಅಪರೂಪ. ಕನಿಷ್ಠ ಖಾತರಿ ಕೊಡುವ ಸೌಲಭ್ಯ ನಿಮ್ಮ ಅರೇಯಲ್ಲಿ ಇಲ್ಲದಿದ್ದರೆ ಉಳಿದವರಿಗೆ ಮೇಲ್ಮಿತಿ ಹಾಕಿ ಅದೇ ಪರಿಣಾಮ ತರಬಹುದು.

ಬ್ಯಾಕಪ್‌ಗೆ ಐಒಪಿಎಸ್ ಮಿತಿ ಹಾಕಬೇಡಿ. 1 ಎಂಬಿ ತುಂಡಿನಲ್ಲಿ ಓದುವವನಿಗೆ 5,000 ಐಒಪಿಎಸ್ ಮಿತಿ ಅಂದರೆ ಸೆಕೆಂಡಿಗೆ 5 ಜಿಬಿ, ಅದೊಂದು ಮಿತಿಯೇ ಅಲ್ಲ. ಥ್ರೂಪುಟ್ ಮಿತಿ ಹಾಕಿ, 800 ಎಂಬಿ ಅಂತಲೋ ಏನೋ, ಬ್ಯಾಕಪ್ ಅವಧಿ ನೋಡಿಕೊಂಡು. ಕೆಲವು ಅರೇಗಳು ದೊಡ್ಡ ಐಒ ಒಂದನ್ನು ಹಲವು ಚಿಕ್ಕ ಐಒಗಳಾಗಿ ಎಣಿಸುತ್ತವೆ. ನಿಮ್ಮದು ಹೇಗೆ ಎಣಿಸುತ್ತದೆ ಅಂತ ಮೊದಲೇ ಓದಿಕೊಳ್ಳಿ.

ಇನ್ನು ಮಾತುಕತೆಯ ಭಾಗ. ಮಿತಿ ಹಾಕಿದ ಲನ್‌ನ ಲೇಟೆನ್ಸಿ ಏರುತ್ತದೆ, ಏರಲೇಬೇಕು, ಯಾಕಂದರೆ ಅರೇ ಅದನ್ನು ಬೇಕೆಂದೇ ತಡೆದು ನಿಲ್ಲಿಸುತ್ತಿದೆ. ಆ ಲನ್ ಯಾರದ್ದೋ ಅವರಿಗೆ ಮೊದಲೇ ಹೇಳಿ, ಮೇಲ್‌ನಲ್ಲಿ ಬರೆದು ಹೇಳಿ. ಇಲ್ಲದಿದ್ದರೆ ಆರು ತಿಂಗಳ ಮೇಲೆ "ಸ್ಟೋರೇಜ್ ಸ್ಲೋ" ಅಂತ ಟಿಕೆಟ್ ಬರುತ್ತದೆ, ಮಿತಿ ಹಾಕಿದವರು ಬೇರೆ ಟೀಮಿಗೆ ಹೋಗಿರುತ್ತಾರೆ, ಹೊಸಬರು ಎರಡು ವಾರ ಡ್ರೈವ್‌ಗಳನ್ನು ತಡಕುತ್ತಾರೆ. ಮಿತಿಯ ಪಾಲಿಸಿಯ ಹೆಸರಲ್ಲೇ ಸಂಖ್ಯೆ ಮತ್ತು ತಾರೀಖು ಇಡುವುದು ನನ್ನ ಅಭ್ಯಾಸ.

ಜಾಗದ ಹಂಚಿಕೆಯೂ ಇದೇ ಕಥೆ. ಬರೆದಷ್ಟು ಮಾತ್ರ ಜಾಗ ಹಿಡಿಯುವ ಥಿನ್ ಪ್ರೊವಿಷನಿಂಗ್‌ನಲ್ಲಿ 100 ಟಿಬಿ ಪೂಲ್‌ನಿಂದ 250 ಟಿಬಿ ಕೊಟ್ಟಿರುವುದು ಮಾಮೂಲು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು ಅನ್ನುವ ಮಾತನ್ನು ಇಲ್ಲಿ ಎಲ್ಲರೂ ಬೇಕೆಂದೇ ಮೀರುತ್ತೇವೆ, ಅದಕ್ಕೆ ಕಣ್ಣಿಡುವುದು ಅಗತ್ಯ. ಪೂಲ್ ಪೂರ್ತಿ ತುಂಬಿದರೆ ಒಂದು ಲನ್ ಅಲ್ಲ, ಅದರಲ್ಲಿರುವ ಎಲ್ಲ ಲನ್‌ಗಳ ಹೊಸ ಬರಹವೂ ನಿಲ್ಲುತ್ತದೆ. 80 ಶೇಕಡಾಗೆ ಅಲರ್ಟ್ ಇಟ್ಟರೆ ಸಾಲದು, ದಿನದ ಲೆಕ್ಕ ಹಾಕಿ. 20 ಟಿಬಿ ಉಳಿದಿದೆ, ದಿನಕ್ಕೆ 0.4 ಟಿಬಿ ಏರುತ್ತಿದೆ ಅಂದರೆ 50 ದಿನ. ಹೊಸ ಡ್ರೈವ್ ಆರ್ಡರ್ ಮಾಡಿ ಬಂದು ಕೂರುವುದಕ್ಕೆ 90 ದಿನ ಬೇಕಾದರೆ, ಅಲರ್ಟ್ ಬರುವ ಹೊತ್ತಿಗೆ ನೀವು ಆಗಲೇ 40 ದಿನ ತಡ.

ಹೋಸ್ಟ್‌ನಲ್ಲಿ ಫೈಲ್ ಅಳಿಸಿದ ಮಾತ್ರಕ್ಕೆ ಪೂಲ್‌ಗೆ ಜಾಗ ವಾಪಸ್ ಬರುವುದಿಲ್ಲ. ಹೋಸ್ಟ್ ಅನ್‌ಮ್ಯಾಪ್ (ಈ ಜಾಗ ಇನ್ನು ಬೇಡ ಅನ್ನುವ ಸೂಚನೆ) ಕಳಿಸಬೇಕು. ಲಿನಕ್ಸ್‌ನಲ್ಲಿ ಎಫ್‌ಎಸ್‌ಟ್ರಿಮ್ ವಾರಕ್ಕೊಮ್ಮೆ ಓಡಿಸಿ. ವಿಎಂವೇರ್‌ನ ಫೈಲ್ ಸಿಸ್ಟಂ ಆದ ವಿಎಂಎಫ್‌ಎಸ್ 6ರಲ್ಲಿ ಅದು ತಾನಾಗಿಯೇ ನಡೆಯುತ್ತದೆ, ವಿಎಂಎಫ್‌ಎಸ್ 5ರಲ್ಲಿ ಕೈಯಾರೆ ಕಮಾಂಡ್ ಕೊಡಬೇಕು. ಬಿಡುವಿನ ಹೊತ್ತಿಗೆ ಇಡಿ, ಅದೂ ಅರೇಗೆ ಕೆಲಸವೇ.

ಹೆಜ್ಜೆ 7: ಪರೀಕ್ಷೆ, ಬದಲಾವಣೆ, ದಾಖಲೆ

ಎಫ್‌ಐಒ ಅನ್ನುವ, ಬೇಕಾದ ಐಒ ಹೊರೆ ಹುಟ್ಟಿಸುವ ಟೂಲ್ ಇಟ್ಟುಕೊಂಡು ಪರೀಕ್ಷೆ ಮಾಡುವಾಗ ಮೋಸ ಹೋಗುವುದು ಸುಲಭ. ಈಗಷ್ಟೇ ಮಾಡಿದ ಥಿನ್ ಲನ್‌ನಿಂದ ಓದಿದರೆ ಅಲ್ಲಿ ಡೇಟಾನೇ ಇಲ್ಲ, ಅರೇ ಡ್ರೈವ್ ಮುಟ್ಟದೆ ಸೊನ್ನೆಗಳನ್ನು ಕೊಡುತ್ತದೆ. ಸಂಖ್ಯೆ ನೋಡಿ ಖುಷಿಪಟ್ಟವರನ್ನು ಕಂಡಿದ್ದೇನೆ, ಒಮ್ಮೆ ನಾನೂ ಪಟ್ಟಿದ್ದೇನೆ. ಮೊದಲು ಇಡೀ ಲನ್ ತುಂಬಿಸಿ. ಡಿಡ್ಯೂಪ್ (ಒಂದೇ ಥರದ ಡೇಟಾವನ್ನು ಒಮ್ಮೆ ಮಾತ್ರ ಇಡುವುದು) ಮತ್ತು ಕಂಪ್ರೆಶನ್ ಇರುವ ಅರೇಯಲ್ಲಿ ತುಂಬಿಸುವ ಡೇಟಾ ಒಂದೇ ಥರ ಇರಬಾರದು. ಹೋಸ್ಟ್‌ನ ಪೇಜ್ ಕ್ಯಾಶ್ ದಾಟಿ ಹೋಗುವ ಡೈರೆಕ್ಟ್ ಆಯ್ಕೆ ಹಾಕಿ. ಪರೀಕ್ಷೆಯ ಡೇಟಾ ಅರೇಯ ಕ್ಯಾಶ್‌ಗಿಂತ ಹಲವು ಪಟ್ಟು ದೊಡ್ಡದಿರಲಿ, ಕನಿಷ್ಠ ಅರ್ಧ ಗಂಟೆ ಓಡಲಿ. ಆ 40 ಸೆಕೆಂಡಿನ ತೊಟ್ಟಿ ನೆನಪಿದೆ ಅಲ್ವಾ? ನಿಮ್ಮ ಅಪ್ಲಿಕೇಶನ್‌ನ ಬ್ಲಾಕ್ ಸೈಜ್, ಅದರದ್ದೇ ಓದು-ಬರಹದ ಪ್ರಮಾಣ ಇಡಿ. ಕಂಪನಿ ಬ್ರೋಷರ್‌ನ 4 ಕೆಬಿ ಪೂರ್ತಿ ಓದಿನ ಸಂಖ್ಯೆ ನಿಮ್ಮ ಡೇಟಾಬೇಸ್‌ಗೆ ಸಂಬಂಧವಿಲ್ಲ. ಪ್ರೊಡಕ್ಷನ್ ಓಡುತ್ತಿರುವ ಪೂಲ್ ಮೇಲೆ ಹಗಲು ಹೊತ್ತು ಇದನ್ನು ಮಾಡಬಾರದು ಅಂತ ಬೇರೆ ಹೇಳಬೇಕಿಲ್ಲ.

ಒಂದು ಸಲಕ್ಕೆ ಒಂದೇ ಬದಲಾವಣೆ. ಕ್ಯೂ ಡೆಪ್ತ್, ಮಲ್ಟಿಪಾತ್, ಕಂಟ್ರೋಲರ್ ಒಡೆತನ ಮೂರನ್ನೂ ಒಂದೇ ರಾತ್ರಿ ಬದಲಿಸಿ, ಬೆಳಿಗ್ಗೆ ವೇಗ ಬಂದರೆ ಯಾವುದರಿಂದ ಬಂತು ಅಂತ ಯಾರಿಗೂ ಗೊತ್ತಿರುವುದಿಲ್ಲ. ಹಾಳಾದರೆ ಮೂರನ್ನೂ ಹಿಂದೆ ತಿರುಗಿಸಬೇಕು.

ಟಿಕೆಟ್ ಮುಚ್ಚುವ ಮೊದಲು ನಾಲ್ಕು ಸಾಲು ಬರೆದಿಡಿ. ಮೇಲೆ ಹೇಳಿದ ಸರ್ವರ್‌ಗೆ ಕೊನೆಗೆ ಬರೆದದ್ದು ಹೀಗಿತ್ತು: "ಲನ್ ಕ್ಯೂ ಡೆಪ್ತ್ 4ರಿಂದ 32ಕ್ಕೆ. ಬಿಜಿ ಹೊತ್ತಿನಲ್ಲಿ ಹೋಸ್ಟ್ ಲೇಟೆನ್ಸಿ ಮೊದಲು 20, ಈಗ 1.6 ಮಿಲಿಸೆಕೆಂಡ್. ಅರೇ 0.8 ಇದ್ದದ್ದು 1.1 ಆಗಿದೆ, ಹೊರೆ ಈಗ ನಿಜಕ್ಕೂ ಅರೇ ತಲುಪುತ್ತಿದೆ. ಪೋರ್ಟ್‌ನಲ್ಲಿ ಕ್ಯೂ ಫುಲ್ ಸೊನ್ನೆ, ತಿಂಗಳ ಕೊನೆಗೆ ಇನ್ನೊಮ್ಮೆ ನೋಡಬೇಕು. ಫ್ಲ್ಯಾಶ್ ಡ್ರೈವ್ ಕೊಟೇಶನ್ ಸದ್ಯಕ್ಕೆ ಬೇಡ."